ಪಲ್ಪರ್ ಮನೆಯ ಫಿಟ್ಟರ್: ಕೊಡಗಿನ ಕಾಫಿ ಯಂತ್ರಗಳ ಹಿಂದಿನ ಕತೆ

ಕೊಡಗಿನ ಕಾಫಿಯ ಚರಿತ್ರೆ ಎಂದರೆ ನಮ್ಮಲ್ಲಿ ಹೇಳುವ ಕತೆ ಸಾಮಾನ್ಯವಾಗಿ ಒಂದೇ ಜಾಡು ಹಿಡಿಯುತ್ತದೆ. 1834ರಲ್ಲಿ ಇಂಗ್ಲಿಷರು ಚಿಕ್ಕವೀರರಾಜೇಂದ್ರನನ್ನು ಗದ್ದುಗೆಯಿಂದ ಇಳಿಸಿ ನಾಡನ್ನು ವಶಕ್ಕೆ ತೆಗೆದುಕೊಂಡರು. 1854ರಲ್ಲಿ ಜಾನ್ ಫೌಲರ್ ಮಡಿಕೇರಿಯಲ್ಲಿ ಮೊದಲ ಯುರೋಪಿಯನ್ ತೋಟ ಎಬ್ಬಿಸಿದ. 1860ರ ದಶಕದಲ್ಲಿ ಕಾಂಡಕೊರಕ ಹುಳು, ಅದರ ಬೆನ್ನಿಗೇ ಎಲೆ ತುಕ್ಕು ರೋಗ ಬಂದು ತೋಟಗಳು ಬರಿದಾದವು. ಇಪ್ಪತ್ತನೇ ಶತಮಾನದಲ್ಲಿ ರೊಬಸ್ಟಾ ಬಂದು ಜಿಲ್ಲೆಯನ್ನು ಮತ್ತೆ ಎತ್ತಿ ನಿಲ್ಲಿಸಿತು. ಗಿಡ, ರೋಗ, ಬೆಲೆ, ದೊರೆ, ತೋಟದ ಮಾಲೀಕ ಎಲ್ಲರಿಗೂ ಈ ಕತೆಯಲ್ಲಿ ಜಾಗವಿದೆ. ಆದರೆ ಗಿಡದಿಂದ ಕಿತ್ತ ಹಣ್ಣು ತಾನಾಗಿಯೇ ಚೀಲ ಸೇರುವುದಿಲ್ಲ. ಅದರ ಸಿಪ್ಪೆ ಬಿಡಿಸಬೇಕು, ಲೋಳೆ ತೊಳೆಯಬೇಕು, ಒಣಗಿಸಬೇಕು, ಹೊಟ್ಟು ತೆಗೆಯಬೇಕು, ಗಾತ್ರ ನೋಡಿ ಬೇರ್ಪಡಿಸಬೇಕು. ಈ ಪ್ರತಿಯೊಂದು ಕೆಲಸಕ್ಕೂ ಶಕ್ತಿ ಬೇಕು, ಯಂತ್ರ ಬೇಕು, ಯಂತ್ರ ಕೆಟ್ಟಾಗ ಎಲ್ಲಿ ಕೆಟ್ಟಿದೆ ಎಂದು ಹುಡುಕುವ ಒಬ್ಬ ಮನುಷ್ಯ ಬೇಕು. ತೋಟಗಾರಿಕೆಯ ಹಳೆಯ ಬರಹಗಳಲ್ಲಿ ಯಂತ್ರ ತಯಾರಿಸಿದ ಕಂಪನಿಯ ಹೆಸರು ಸಿಗುತ್ತದೆ, ಯಂತ್ರ ಕೊಂಡ ದೊರೆಯ ಹೆಸರು ಸಿಗುತ್ತದೆ. ಅದನ್ನು ಮೂವತ್ತು ವರ್ಷ ನಡೆಸಿದವನ ಹೆಸರು ಸಿಗುವುದು ಅಪರೂಪ. ಆ ಕಡೆಯಿಂದ ನೋಡಿದರೆ ಕೊಡಗಿನ ಕಾಫಿಯ ಚರಿತ್ರೆ ಬೇರೆಯಾಗಿಯೇ ಕಾಣುತ್ತದೆ ಎಂಬುದು ನನ್ನ ವಾದ. ಅದು ಶಕ್ತಿಯ ಕೊರತೆಯ ಚರಿತ್ರೆ. ಆ ಕೊರತೆಯನ್ನು ತುಂಬಿಕೊಟ್ಟದ್ದು ಹೊಸ ಹೊಸ ಯಂತ್ರಗಳಷ್ಟೇ ಅಲ್ಲ, ಇದ್ದ ಯಂತ್ರವನ್ನು ಸರಿಯಾಗಿ ಇಟ್ಟುಕೊಂಡ ಕೈಗಳು. ವಿದ್ಯುತ್ ಉಳಿತಾಯ ಇತ್ತೀಚಿನ ಕಾನೂನು ತಂದುಕೊಟ್ಟ ಬುದ್ಧಿ ಎಂದು ತಿಳಿಯುವುದು ಈ ಕೈಗಳ ಕೆಲಸವನ್ನು ಮರೆತಂತೆ.

ಮೊದಲು ಒಣಗಿಸುವ ಕೆಲಸವನ್ನೇ ನೋಡಬಹುದು, ಏಕೆಂದರೆ ಕಾಫಿ ಸಂಸ್ಕರಣೆಯಲ್ಲಿ ಅತಿ ಹೆಚ್ಚು ಶಕ್ತಿ ಹೋಗುವುದು ಅಲ್ಲಿಯೇ. ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರಿನಿಂದ ಹೊರಬಂದು ತೊಳೆದ, ಒಳಹೊಟ್ಟು ಇನ್ನೂ ಕಳಚದ ಪಾರ್ಚ್‌ಮೆಂಟ್ ಕಾಫಿಯಲ್ಲಿ ಅರ್ಧಕ್ಕಿಂತ ಹೆಚ್ಚು ನೀರೇ ಇರುತ್ತದೆ. ಅದನ್ನು ಶೇ. 10ರ ತೇವಾಂಶಕ್ಕೆ ಇಳಿಸಬೇಕು. ಲೆಕ್ಕ ಹಾಕಿದರೆ 100 ಕೆ.ಜಿ. ಒಣ ಪಾರ್ಚ್‌ಮೆಂಟ್ ಕೈಗೆ ಬರಬೇಕಾದರೆ ಹತ್ತಿರ ಹತ್ತಿರ 100 ಕೆ.ಜಿ. ನೀರು ಆವಿಯಾಗಿ ಹೋಗಬೇಕು. ಅದಕ್ಕೆ ಏನೂ ನಷ್ಟವಾಗದೆ ಬಳಸಿದರೂ 65 ಯೂನಿಟ್ಟಿಗೆ ಸಮನಾದ ಶಾಖ ಬೇಕು. ಹತ್ತೊಂಬತ್ತನೇ ಶತಮಾನದಲ್ಲಿ ಈ ಶಾಖವನ್ನು ಕೊಡಗಿನ ಯಾವ ಯಂತ್ರವೂ ಕೊಡುವಂತಿರಲಿಲ್ಲ. ಕೊಟ್ಟದ್ದು ಬಿಸಿಲು. ತೋಟದ ಕಣದಲ್ಲಿ ಆದಷ್ಟು ಒಣಗಿಸಿ, ಉಳಿದದ್ದನ್ನು ಎತ್ತಿನ ಗಾಡಿಗಳಲ್ಲಿ ಸಂಪಾಜೆ ಘಟ್ಟ ಇಳಿಸಿ ಮಂಗಳೂರಿಗೂ, ಪೆರುಂಬಾಡಿ–ಮಾಕುಟ್ಟದ ದಾರಿಯಲ್ಲಿ ತಲಚೇರಿಗೂ ಸಾಗಿಸುತ್ತಿದ್ದರು. ಪಿಯರ್ಸ್ ಲೆಸ್ಲಿಯಂಥ ಕಂಪನಿಗಳು ಕರಾವಳಿಯಲ್ಲಿ ಕಾಫಿ ಒಣಗಿಸಿ, ಹೊಟ್ಟು ತೆಗೆದು, ಬೇರ್ಪಡಿಸುವ ಕ್ಯೂರಿಂಗ್ ವರ್ಕ್ಸ್ ಕಟ್ಟಿಕೊಂಡದ್ದು ಬಂದರು ಇದೆ ಎಂಬ ಒಂದೇ ಕಾರಣಕ್ಕಲ್ಲ. ಡಿಸೆಂಬರಿನಿಂದ ಏಪ್ರಿಲ್‌ವರೆಗೆ ಬಿಡದೆ ಕಾಯುವ ಬಿಸಿಲು, ವಿಶಾಲವಾದ ಕಣ, ದುಡಿಯುವ ಜನ ಮೂರೂ ಅಲ್ಲಿ ಒಟ್ಟಿಗೆ ಸಿಗುತ್ತಿದ್ದವು. ಮಂಜು ಹರಿಯದ ಮಡಿಕೇರಿಯ ಬೆಳಗುಗಳಲ್ಲಿ ಕಾಫಿ ಒಣಗಲು ಕಾದು ಕೂರುವುದಕ್ಕಿಂತ ನೂರು ಕಿ.ಮೀ.ಗೂ ಹೆಚ್ಚು ದೂರ ಗಾಡಿ ಹೊಡೆಯುವುದೇ ಲಾಭವಾಗಿತ್ತು.

ಬಿಸಿಲನ್ನು ಹುಡುಕಿಕೊಂಡು ಹೋಗುವ ಈ ತರ್ಕ ಆಮೇಲೂ ಬದಲಾಗಲಿಲ್ಲ, ದಿಕ್ಕು ಮಾತ್ರ ಬದಲಾಯಿತು. ಇಂದು ಕೊಡಗಿನ ಕ್ಯೂರಿಂಗ್ ವರ್ಕ್ಸ್‌ಗಳು ಹೆಚ್ಚಾಗಿ ಇರುವುದು ಕುಶಾಲನಗರದ ಸುತ್ತ, ಕೂಡ್ಲೂರು ಕೈಗಾರಿಕಾ ಪ್ರದೇಶದಲ್ಲಿ. ಜಿಲ್ಲೆ ದಾಟಿದರೆ ಹುಣಸೂರು, ಮೈಸೂರು, ಹಾಸನ. ನಕ್ಷೆ ತೆಗೆದು ನೋಡಿದರೆ ಇವೆಲ್ಲ ಘಟ್ಟದ ಮಳೆನೆರಳಿನ ಊರುಗಳು. ಮಡಿಕೇರಿಯಲ್ಲಿ ಬೀಳುವ ಮಳೆಯ ಅರ್ಧವೂ ಕುಶಾಲನಗರದಲ್ಲಿ ಬೀಳುವುದಿಲ್ಲ. ರೈಲು ಇಂದಿಗೂ ಕಾಲಿಡದ ಜಿಲ್ಲೆಯಲ್ಲಿ ಲಾರಿಗಳು ಬಂದ ಮೇಲೆ ಕರಾವಳಿಯ ಬಿಸಿಲಿಗೆ ಹೋಗುವ ಬದಲು ಬಯಲುಸೀಮೆಯ ಅಂಚಿನ ಬಿಸಿಲಿಗೆ ಹೋಗುವುದು ಸುಲಭವಾಯಿತು, ಅಷ್ಟೇ. ಕಾರ್ಖಾನೆ ಎಲ್ಲಿ ನಿಲ್ಲಬೇಕು ಎಂಬುದನ್ನು ಮೊದಲಿಂದ ಕೊನೆಯವರೆಗೂ ಇಂಧನದ ಲೆಕ್ಕವೇ ತೀರ್ಮಾನಿಸಿದೆ.

ತೋಟದೊಳಗಿನ ಪಲ್ಪರ್ ಮನೆಗೆ ಬಂದರೆ ಕೊರತೆ ಇನ್ನೂ ಸ್ಪಷ್ಟವಾಗುತ್ತದೆ. ಒಬ್ಬ ಮನುಷ್ಯ ದಿನವಿಡೀ ಕೈಯಿಂದ ತಿರುಗಿಸಿ ಕೊಡಬಲ್ಲ ಶಕ್ತಿ 75 ವ್ಯಾಟ್ ಆಸುಪಾಸು, ಅಂದರೆ ಒಂದು ಅಶ್ವಶಕ್ತಿಯ ಹತ್ತನೇ ಒಂದು ಪಾಲು. ಸಣ್ಣ ತೋಟಗಳಲ್ಲಿ ಕೈ ಪಲ್ಪರ್ ನಡೆದದ್ದು ಈ ಶಕ್ತಿಯಲ್ಲೇ. ತೊರೆಯೊಂದು ತೋಟದ ಮೇಲ್ಭಾಗದಿಂದ ಹರಿದು ಬರುತ್ತಿದ್ದರೆ ನೀರುಚಕ್ರ ಕೂರಿಸುತ್ತಿದ್ದರು. ಸೆಕೆಂಡಿಗೆ 10 ಲೀಟರ್ ನೀರು 10 ಮೀಟರ್ ಎತ್ತರದಿಂದ ಬಿದ್ದರೆ ಒಂದು ಕಿಲೋವ್ಯಾಟ್ಟಿಗೆ ತುಸು ಕಡಿಮೆ ಶಕ್ತಿ. ಚಕ್ರದಲ್ಲಿ ಸೋರಿ ಸವೆದು ಉಳಿಯುವುದು 600 ವ್ಯಾಟ್ ಎಂದುಕೊಂಡರೂ ಎಂಟು ಆಳುಗಳ ಬಲ. ಆದರೆ ಮಳೆಗಾಲದ ನೀರು ಕಾಫಿ ಕೊಯ್ಲಿನವರೆಗೆ ಕಾದು ಕೂರುವುದಿಲ್ಲ. ನವೆಂಬರಿನಲ್ಲಿ ಅರೇಬಿಕಾ ಹಣ್ಣಾಗುವಾಗ ತೊರೆ ತುಂಬಿರುತ್ತದೆ, ಜನವರಿ ಹೊತ್ತಿಗೆ ಸೊರಗುತ್ತದೆ. ರೊಬಸ್ಟಾ ಕೊಯ್ಲು ಶುರುವಾಗುವುದೇ ಆಗ. ಕೊಡಗಿನ ರೊಬಸ್ಟಾದ ಬಹುಪಾಲು ಪಲ್ಪರ್ ಕಾಣದೆ, ಹಣ್ಣು ಹಣ್ಣಾಗಿಯೇ ಕಣದಲ್ಲಿ ಒಣಗಿ ಚೆರ್ರಿಯಾಗುವುದಕ್ಕೆ ರುಚಿ, ಬೆಲೆಗಳ ಕಾರಣ ಇರಬಹುದು. ನೀರಿಲ್ಲದ ತಿಂಗಳಲ್ಲಿ ಹಣ್ಣಾಗುವ ಬೆಳೆಗೆ ನೀರು ಬೇಡದ ದಾರಿ ಒಗ್ಗಿತು ಎಂಬುದೂ ಅಷ್ಟೇ ಗಟ್ಟಿಯಾದ ಕಾರಣ.

ಇಷ್ಟು ಅಲ್ಪ ಶಕ್ತಿಯಲ್ಲಿ ಯಂತ್ರ ನಡೆಯಬೇಕಾದರೆ ಅದರ ಒಂದೊಂದು ಭಾಗವೂ ಸರಿಯಾಗಿ ಕೂತಿರಬೇಕು. ಹಳೆಯ ಸಿಲಿಂಡರ್ ಪಲ್ಪರನ್ನು ಹತ್ತಿರದಿಂದ ನೋಡಿದರೆ ಇದು ಅರ್ಥವಾಗುತ್ತದೆ. ಉರುಳೆಯ ಮೇಲೆ ತಾಮ್ರದ ತಗಡು. ತಗಡಿನ ಮೈ ತುಂಬ ಸಾಲು ಸಾಲಾಗಿ ಉಬ್ಬಿದ ಗುಬುಟುಗಳು. ಉರುಳೆಯ ಎದುರಿಗೆ ಒಂದು ಗಟ್ಟಿ ಪಟ್ಟಿ. ಹಣ್ಣು ಇವೆರಡರ ನಡುವಿನ ಸಂದಿಗೆ ಸಿಕ್ಕಿ ಒತ್ತಿಸಿಕೊಂಡಾಗ ಬೀಜ ಒಂದು ಕಡೆ ಜಾರುತ್ತದೆ, ಸಿಪ್ಪೆಯನ್ನು ಗುಬುಟುಗಳು ಎಳೆದುಕೊಂಡು ಇನ್ನೊಂದು ಕಡೆ ಹೋಗುತ್ತವೆ. ಎಲ್ಲ ಜಾಣತನ ಇರುವುದು ಆ ಸಂದಿಯಲ್ಲಿ. ಸಂದಿ ಕಿರಿದಾದರೆ ಬೀಜ ಕತ್ತರಿಸಿಹೋಗುತ್ತದೆ, ಉರುಳೆ ಬಿಗಿಯಾಗಿ ತಿರುಗಿಸುವವನ ತೋಳು ಸೋಲುತ್ತದೆ. ಅಗಲವಾದರೆ ಹಣ್ಣು ಹಾಗೆಯೇ ಜಾರಿ ಸಿಪ್ಪೆಯ ರಾಶಿಗೆ ಬೀಳುತ್ತದೆ. ಅದನ್ನು ಆರಿಸಿ ಮತ್ತೆ ಹಾಕಬೇಕು, ಅಂದರೆ ಒಂದೇ ಹಣ್ಣಿಗೆ ಎರಡು ಸಲ ಶಕ್ತಿ. ಪಲ್ಪರ್ ಬಲ್ಲವನು ಮೊದಲು ಯಂತ್ರದ ಬಳಿ ಹೋಗುವುದಿಲ್ಲ, ಸಿಪ್ಪೆ ಗುಂಡಿಯ ಬಳಿ ಹೋಗುತ್ತಾನೆ. ಒಂದು ಹಿಡಿ ಸಿಪ್ಪೆ ಎತ್ತಿ ಅದರಲ್ಲಿ ಎಷ್ಟು ಇಡೀ ಹಣ್ಣು, ಎಷ್ಟು ಬೀಜ ಎಂದು ನೋಡುತ್ತಾನೆ; ಆಮೇಲೆ ಒಂದು ಹಿಡಿ ಪಾರ್ಚ್‌ಮೆಂಟ್ ಎತ್ತಿ ಅದರಲ್ಲಿ ಎಷ್ಟು ಕತ್ತರಿಸಿದೆ, ಎಷ್ಟು ಸಿಪ್ಪೆ ಸೇರಿದೆ ಎಂದು ನೋಡುತ್ತಾನೆ. ಕತ್ತರಿಸಿದ ಬೀಜ ಒಂದೇ ಬದಿಯಲ್ಲಿ ಬೀಳುತ್ತಿದ್ದರೆ ಪಟ್ಟಿ ಓರೆಯಾಗಿದೆ; ಎಲ್ಲ ಕಡೆ ಬೀಳುತ್ತಿದ್ದರೆ ಸಂದಿ ಬಿಗಿ; ಸಿಪ್ಪೆ ಬೀಜದ ಜೊತೆ ಬರುತ್ತಿದ್ದರೆ ತಾಮ್ರದ ಗುಬುಟು ಸವೆದಿದೆ. ಕೆಟ್ಟದ್ದನ್ನು ಹುಡುಕುವ ಈ ಕ್ರಮ ಯಾವ ಕೈಪಿಡಿಗಿಂತಲೂ ಕಡಿಮೆಯಲ್ಲ. ಅದೇ ಹೊತ್ತಿಗೆ ಅದು ಶಕ್ತಿ ಉಳಿಸುವ ಕ್ರಮವೂ ಹೌದು. ಯಂತ್ರದ ತೊಂದರೆ ಮತ್ತು ಶಕ್ತಿಯ ಪೋಲು ಎರಡು ಬೇರೆ ಬೇರೆ ವಿಷಯಗಳಲ್ಲ ಎಂಬುದನ್ನು ಪಲ್ಪರ್ ಮನೆ ಮೊದಲೇ ಕಲಿಸಿಕೊಟ್ಟಿತ್ತು.

ಇನ್ನು ವಿದ್ಯುತ್ತಿನ ಮಾತು. ತಲಕಾವೇರಿಯಲ್ಲಿ ಹುಟ್ಟಿ ಕೊಡಗಿನ ಮಳೆಯಿಂದ ಮೈತುಂಬಿಕೊಳ್ಳುವ ಕಾವೇರಿ ಹೊಳೆಯಿಂದ 1902ರಲ್ಲಿ ಶಿವನಸಮುದ್ರದಲ್ಲಿ ವಿದ್ಯುತ್ ತೆಗೆದರು. ಅದು ಸುಮಾರು 147 ಕಿ.ಮೀ. ದೂರದ ಕೋಲಾರದ ಚಿನ್ನದ ಗಣಿಗೆ ಹೋಯಿತು, 1905ರಲ್ಲಿ ಬೆಂಗಳೂರಿಗೆ ಹೋಯಿತು. ಆಗ ಬೇರೆ ಆಡಳಿತದಲ್ಲಿದ್ದ, ಗುಡ್ಡಗಳ ನಡುವೆ ಚದುರಿದ ತೋಟಗಳ ಕೊಡಗಿಗೆ ಆ ತಂತಿ ಬರಲಿಲ್ಲ. ನಡುವಿನ ದಶಕಗಳನ್ನು ದಾಟಿಸಿದ್ದು ಎಣ್ಣೆ ಎಂಜಿನ್. ಲಿಸ್ಟರ್ ಎಂಜಿನ್ನಿನ ಭಾರವಾದ ಗಾಲಿ ಕಂಡ ತಲೆಮಾರು ಕೊಡಗಿನಲ್ಲಿ ಇನ್ನೂ ಇದೆ. 1946ರಲ್ಲಿ ಪುಣೆಯಲ್ಲಿ ಕಿರ್ಲೋಸ್ಕರ್ ಆಯಿಲ್ ಎಂಜಿನ್ಸ್ ಶುರುವಾದ ಮೇಲೆ ದೇಶದಲ್ಲೇ ತಯಾರಾದ ಎಂಜಿನ್ನುಗಳು ಬಂದವು. ಒಂದು ಎಂಜಿನ್, ಅದರಿಂದ ತೊಲೆಗಳ ಕೆಳಗೆ ಉದ್ದಕ್ಕೆ ಹಾಯ್ದ ಒಂದು ಶಾಫ್ಟ್, ಶಾಫ್ಟಿನಿಂದ ಒಂದೊಂದು ಯಂತ್ರಕ್ಕೂ ಇಳಿಬಿಟ್ಟ ಪಟ್ಟೆ ಬೆಲ್ಟ್. ಡೀಸೆಲ್ ಘಟ್ಟ ಹತ್ತಿ ಬರಬೇಕಿತ್ತು, ಬಿಡಿಭಾಗ ಮಂಗಳೂರಿನಿಂದಲೋ ಮೈಸೂರಿನಿಂದಲೋ ಬರಬೇಕಿತ್ತು. ಕರಾವಳಿಯಲ್ಲಿ ಬಾಸೆಲ್ ಮಿಷನ್ನಿನವರು 1865ರಲ್ಲಿ ಹೆಂಚಿನ ಕಾರ್ಖಾನೆ, ಅದರ ನಂತರ ಯಂತ್ರ ಕಾರ್ಯಾಗಾರ ತೆರೆದಿದ್ದರಿಂದ ಕಬ್ಬಿಣದ ಕೆಲಸ ಬಲ್ಲ ಜನ ಅಲ್ಲಿ ತಯಾರಾಗಿದ್ದರು. ಘಟ್ಟದ ಮೇಲಿನವರಿಗೆ ಅಂಥ ಅನುಕೂಲ ಇರಲಿಲ್ಲ. ಹಾಗಾಗಿ ಇಲ್ಲಿನ ಫಿಟ್ಟರ್ ಇದ್ದದ್ದರಲ್ಲೇ ದಾರಿ ಹುಡುಕಬೇಕಾಯಿತು. ಬೆಲ್ಟ್ ಹರಿದರೆ ಹೊಲಿಯುವುದು, ಬುಶ್ ಸವೆದರೆ ಲೋಹ ಕರಗಿಸಿ ಮತ್ತೆ ಎರಕ ಹೊಯ್ಯುವುದು, ಶಾಫ್ಟ್ ಬಾಗಿದೆಯೇ ಎಂದು ದಾರ ಹಿಡಿದು ನೋಡುವುದು ಇವೆಲ್ಲ ಅವನ ದಿನದ ಕೆಲಸ.

ಇಲ್ಲೊಂದು ಆಕ್ಷೇಪ ನ್ಯಾಯವಾದದ್ದು. ಆ ಶಾಫ್ಟ್–ಬೆಲ್ಟ್ ವ್ಯವಸ್ಥೆ ತಾನೇ ದೊಡ್ಡ ಪೋಲು, ಎಂಜಿನ್ನಿನ ಶಕ್ತಿಯ ಗಣನೀಯ ಪಾಲು ಬೇರಿಂಗಿನ ತಿಕ್ಕಾಟ, ಬೆಲ್ಟಿನ ಜಾರಿಕೆಗಳಲ್ಲೇ ಮುಗಿಯುತ್ತಿತ್ತು. ಒಂದೇ ಯಂತ್ರ ನಡೆಸಬೇಕಾದರೂ ಇಡೀ ಶಾಫ್ಟ್ ತಿರುಗಬೇಕಿತ್ತು. ಬಿಚ್ಚು ಬೆಲ್ಟಿಗೆ ಕೈ ಸಿಕ್ಕಿ ಅಂಗ ಕಳೆದುಕೊಂಡ ಕಾರ್ಮಿಕರಿದ್ದರು. 1948ರ ಕಾರ್ಖಾನೆ ಕಾಯ್ದೆ ತಿರುಗುವ ಭಾಗಗಳಿಗೆ ಬೇಲಿ ಕಡ್ಡಾಯ ಮಾಡಿದ್ದು ಸುಮ್ಮನೆ ಅಲ್ಲ. ಇದೆಲ್ಲ ನಿಜ. ಹಳೆಯದು ಒಳ್ಳೆಯದಿತ್ತು ಎಂಬುದು ನನ್ನ ಮಾತಲ್ಲ. ಒಂದೊಂದು ಯಂತ್ರಕ್ಕೆ ಒಂದೊಂದು ಮೋಟಾರು ಬಂದದ್ದು ಶಕ್ತಿಯ ದೃಷ್ಟಿಯಿಂದಲೂ ಜೀವದ ದೃಷ್ಟಿಯಿಂದಲೂ ದೊಡ್ಡ ಲಾಭ. ನಾನು ಹೇಳುವುದು ಇಷ್ಟು: ಎಂಜಿನ್ ಕಾಲದಲ್ಲಿ ಪೋಲು ಕಣ್ಣಿಗೆ ಕಾಣುತ್ತಿತ್ತು. ಬೆಲ್ಟ್ ಜಾರಿದರೆ ಸುಟ್ಟ ವಾಸನೆ, ಬೇರಿಂಗ್ ಒಣಗಿದರೆ ಕಿರುಚಾಟ, ಹೊರೆ ಹೆಚ್ಚಿದರೆ ಎಂಜಿನ್ನಿನ ಉಸಿರು ಕಟ್ಟಿ ಕಪ್ಪು ಹೊಗೆ, ಸಂಜೆ ಡೀಸೆಲ್ ಡ್ರಮ್ಮಿಗೆ ಕೋಲು ಇಳಿಸಿದರೆ ಲೆಕ್ಕ. ಮೋಟಾರು ಬಂದ ಮೇಲೆ ಅದೇ ಪೋಲು ಸದ್ದಿಲ್ಲದೆ ತಂತಿಯೊಳಗೆ ಸೇರಿತು. ಬಿಲ್ಲು ಬರುವುದು ತಿಂಗಳಿಗೊಮ್ಮೆ, ಅದನ್ನು ನೋಡುವವನು ಆಫೀಸಿನಲ್ಲಿ; ಯಂತ್ರದ ಪಕ್ಕ ನಿಂತವನಿಗೆ ಅದು ಕಾಣುವುದೇ ಇಲ್ಲ.

1956ರಲ್ಲಿ ಕೊಡಗು ಮೈಸೂರು ರಾಜ್ಯದಲ್ಲಿ ವಿಲೀನವಾಯಿತು, 1957ರಲ್ಲಿ ರಾಜ್ಯ ವಿದ್ಯುಚ್ಛಕ್ತಿ ಮಂಡಳಿ ಬಂತು, ಮುಂದಿನ ದಶಕದಲ್ಲಿ ಶರಾವತಿಯ ವಿದ್ಯುತ್ ಸೇರಿ ತಂತಿಗಳು ಹಳ್ಳಿಗಳ ಕಡೆ ಚಾಚಿದವು. ಅದೇ ಅವಧಿಯಲ್ಲಿ ಕಾಫಿಯ ವ್ಯಾಪಾರ ಕಾಫಿ ಮಂಡಳಿಯ ಕೈಯಲ್ಲಿತ್ತು. ಯುದ್ಧದಿಂದ ಯುರೋಪಿನ ಮಾರುಕಟ್ಟೆ ಮುಚ್ಚಿದಾಗ 1940ರಲ್ಲಿ ಶುರುವಾದ ಪೂಲ್ ಪದ್ಧತಿ 1942ರ ಕಾಫಿ ಕಾಯ್ದೆಯ ಆಸರೆಯಲ್ಲಿ ಅರ್ಧ ಶತಮಾನ ನಡೆಯಿತು. ಬೆಳೆಗಾರ ಕಾಫಿ ತಂದು ಪರವಾನಗಿ ಇದ್ದ ಕ್ಯೂರಿಂಗ್ ವರ್ಕ್ಸಿಗೆ ಹಾಕಿದರೆ ಅವನ ಕೆಲಸ ಮುಗಿಯಿತು. 1990ರ ದಶಕದಲ್ಲಿ ಮೊದಲು ಒಂದು ಪಾಲು, 1996ರಲ್ಲಿ ಪೂರ್ತಿ ಮುಕ್ತ ಮಾರಾಟಕ್ಕೆ ಅವಕಾಶ ಸಿಕ್ಕಿತು. ಆಗ ಚೆರ್ರಿ ಚೀಲದ ‘ಓಟಿ’ ಎಷ್ಟು ಎಂಬ ಪ್ರಶ್ನೆ, ಅಂದರೆ 50 ಕೆ.ಜಿ. ಚೀಲದಿಂದ ಎಷ್ಟು ಕೆ.ಜಿ. ಕಾಫಿ ಬೀಜ ಹೊರಡುತ್ತದೆ ಎಂಬ ಪ್ರಶ್ನೆ, ಪ್ರತಿ ಬೆಳೆಗಾರನ ಬಾಯಿಗೆ ಬಂತು. ಓಟಿ 26 ಆದರೆ ಒಂದು ಬೆಲೆ, 28 ಆದರೆ ಇನ್ನೊಂದು. ಕಾಯಿ ಚೆನ್ನಾಗಿ ತುಂಬಿತೇ ಎಂಬುದು ಇದರಲ್ಲಿ ದೊಡ್ಡದು; ಆದರೆ ಹೊಟ್ಟು ತೆಗೆಯುವ ಹಲ್ಲರಿನಲ್ಲಿ ಎಷ್ಟು ಪುಡಿಯಾಯಿತು, ಎಷ್ಟು ಬೀಜ ಹೊಟ್ಟಿನ ಜೊತೆ ಹಾರಿಹೋಯಿತು ಎಂಬುದೂ ಅದರಲ್ಲಿ ಸೇರಿದೆ. ಯಂತ್ರದ ಆರೋಗ್ಯ ಮೊದಲ ಬಾರಿಗೆ ಬೆಳೆಗಾರನ ಜೇಬಿಗೆ ನೇರವಾಗಿ ತಟ್ಟಿತು. ಫಿಟ್ಟರಿನ ಬೆಲೆ ಏರಬೇಕಾದ ಕಾಲ ಅದಾಗಿತ್ತು. ಆದರೆ ಹಣ ಹರಿದದ್ದು ಹೊಸ ಯಂತ್ರಗಳ ಕಡೆಗೆ.

ಇಂದಿನ ಕ್ಯೂರಿಂಗ್ ವರ್ಕ್ಸಿನೊಳಗೆ ಶಕ್ತಿ ಎಲ್ಲಿ ಹೋಗುತ್ತದೆ ನೋಡೋಣ. ಕಾಫಿ ಮೊದಲು ಕಲ್ಲು ಕಡ್ಡಿ ಬೇರ್ಪಡಿಸುವ ಯಂತ್ರಕ್ಕೆ, ಅಲ್ಲಿಂದ ಎಲಿವೇಟರ್ ಹತ್ತಿ ಹಲ್ಲರಿಗೆ, ಅಲ್ಲಿಂದ ಗ್ರೇಡರ್ ಜರಡಿಗಳಿಗೆ, ಆಮೇಲೆ ಗಾಳಿಯಿಂದ ತೂಕ ನೋಡಿ ಬೇರ್ಪಡಿಸುವ ಯಂತ್ರಕ್ಕೆ, ಕೊನೆಗೆ ಬಣ್ಣ ನೋಡಿ ಆರಿಸುವ ಸಾರ್ಟರಿಗೆ ಹೋಗುತ್ತದೆ. ಹಲ್ಲರ್ ಇದರಲ್ಲಿ ಹೆಚ್ಚು ಉಣ್ಣುವ ಯಂತ್ರ. ಅದರ ಆಮೀಟರ್ ಮುಳ್ಳು ದಿನನಿತ್ಯದ ಮಟ್ಟಕ್ಕಿಂತ ಮೇಲೇರಿದೆ ಎಂದುಕೊಳ್ಳಿ. ಅನುಭವ ಇಲ್ಲದವನು ಮೋಟಾರು ಸಣ್ಣದಾಯಿತು ಎಂದು ದೊಡ್ಡದನ್ನು ತರಿಸುತ್ತಾನೆ. ಬಲ್ಲವನು ಮೊದಲು ಚೀಲಕ್ಕೆ ಕೈ ಹಾಕಿ ಚೆರ್ರಿಯನ್ನು ಹಿಂಡಿ ನೋಡುತ್ತಾನೆ: ರೊಬಸ್ಟಾ ಚೆರ್ರಿಯ ತೇವಾಂಶ ಶೇ. 11 ದಾಟಿದ್ದರೆ ಸಿಪ್ಪೆ ಒಡೆಯುವ ಬದಲು ರಬ್ಬರಿನಂತೆ ಎಳೆಯುತ್ತದೆ, ಮುಳ್ಳು ಏರುವುದು ಸಹಜ. ಅದು ಸರಿ ಇದ್ದರೆ ಬೇರಿಂಗಿನ ಮೇಲೆ ಕೈ ಇಡುತ್ತಾನೆ, ಬಿಸಿ ಇದ್ದರೆ ಗ್ರೀಸ್; ಅದೂ ಸರಿ ಇದ್ದರೆ ಬೆಲ್ಟಿನ ಬಿಗಿ; ಅದೂ ಸರಿ ಇದ್ದರೆ ಮಾತ್ರ ಯಂತ್ರ ನಿಲ್ಲಿಸಿ, ಫ್ಯೂಸ್ ಕಿತ್ತು ಕೈಯಲ್ಲಿಟ್ಟುಕೊಂಡು, ಒಳಗೆ ಜರಡಿ ಕಟ್ಟಿದೆಯೇ ಕತ್ತಿ ಬಿಗಿಯಾಗಿದೆಯೇ ಎಂದು ನೋಡುತ್ತಾನೆ. ಈ ಕ್ರಮದಲ್ಲಿ ಖರ್ಚಿಲ್ಲದ ಪರೀಕ್ಷೆ ಮೊದಲು, ಖರ್ಚಿನದು ಕೊನೆಗೆ. ಹೊಟ್ಟು ಎಳೆಯುವ ಫ್ಯಾನಿನ ವಿಷಯವೂ ಹೀಗೆಯೇ. ಫ್ಯಾನಿನ ವೇಗವನ್ನು ಐದನೇ ಒಂದು ಪಾಲು ಇಳಿಸಿದರೆ ಅದು ಉಣ್ಣುವ ಶಕ್ತಿ ಹತ್ತಿರ ಹತ್ತಿರ ಅರ್ಧಕ್ಕೆ ಇಳಿಯುತ್ತದೆ. ಇದು ಭೌತಶಾಸ್ತ್ರದ ಸರಳ ನಿಯಮ. ಎಷ್ಟೋ ಕಡೆ ಗಾಳಿ ಹೆಚ್ಚಾಯಿತೆಂದು ಕೊಳವೆಯ ಬಾಗಿಲು ಅರ್ಧ ಮುಚ್ಚಿ ಫ್ಯಾನನ್ನು ಪೂರ್ತಿ ವೇಗದಲ್ಲಿ ಓಡಿಸುತ್ತಾರೆ. ಪುಲ್ಲಿ ಬದಲಾಯಿಸಿದರೆ ಆಗುವ ಕೆಲಸ. ಬಣ್ಣದ ಸಾರ್ಟರ್ ಕೆಟ್ಟ ಬೀಜವನ್ನು ಹೊಡೆದು ಹೊರಹಾಕುವುದು ಒತ್ತಿದ ಗಾಳಿಯಿಂದ. ಆ ಗಾಳಿಯ ಪೈಪಿನಲ್ಲಿ 3 ಮಿ.ಮೀ. ತೂತು ಒಂದಿದ್ದರೆ, 7 ಬಾರ್ ಒತ್ತಡದಲ್ಲಿ, ಕಂಪ್ರೆಸರಿನ ಮೂರು ನಾಲ್ಕು ಕಿಲೋವ್ಯಾಟ್ ಹಗಲೂ ರಾತ್ರಿ ಗಾಳಿಗೇ ಹೋಗುತ್ತದೆ. ಯಂತ್ರಗಳ ಸದ್ದು ನಿಂತ ಊಟದ ಹೊತ್ತಿನಲ್ಲಿ ಕಿವಿಗೊಟ್ಟರೆ ಆ ಸುಯ್ಯೆನ್ನುವ ಸದ್ದು ಕೇಳುತ್ತದೆ. ಬೇಕಾದದ್ದು ಸೋಪಿನ ನೀರು ಮತ್ತು ಒಂದು ಸ್ಪ್ಯಾನರ್.

ಈಗ ಮುಖ್ಯ ಆಕ್ಷೇಪಕ್ಕೆ ಬರುತ್ತೇನೆ. ಸ್ಪ್ಯಾನರ್ ಹಿಡಿದು ಎಷ್ಟು ಉಳಿಸಬಹುದು, ನಿಜವಾದ ಉಳಿತಾಯ ಹೊಸ ತಂತ್ರಜ್ಞಾನದಲ್ಲಿದೆ ಎನ್ನುವವರಿದ್ದಾರೆ. ಅಂಕಿ ನೋಡೋಣ. 15 ಕಿಲೋವ್ಯಾಟ್ಟಿನ ನಾಲ್ಕು ಧ್ರುವದ ಮೋಟಾರಿಗೆ ಅಂತರರಾಷ್ಟ್ರೀಯ ಮಾನಕದಲ್ಲಿ ಐಇ1 ದರ್ಜೆಯ ದಕ್ಷತೆ ಶೇ. 88.7, ಐಇ3 ದರ್ಜೆಯದು ಶೇ. 92.1. ವ್ಯತ್ಯಾಸ ಮೂರೂವರೆ ಪಾಲಿಗಿಂತ ಕಡಿಮೆ. ವರ್ಷಪೂರ್ತಿ ಹಗಲಿರುಳು ಓಡುವ ಸಿಮೆಂಟ್ ಕಾರ್ಖಾನೆಗೆ ಇದು ದೊಡ್ಡ ಹಣ, ಅಲ್ಲಿ ಮೋಟಾರು ಬದಲಾಯಿಸಲೇಬೇಕು. ವರ್ಷದಲ್ಲಿ ಕೆಲವೇ ತಿಂಗಳು ಭರ್ತಿ ಕೆಲಸ ಇರುವ ಕಾಫಿ ಘಟಕಕ್ಕೆ ಹಾಕಿದ ಹಣ ಮರಳಿ ಬರಲು ಬಹಳ ಕಾಲ ಬೇಕು. ಅದೇ ಘಟಕದಲ್ಲಿ ಜಾರುವ ಬೆಲ್ಟ್, ಬೇಡದಷ್ಟು ದೊಡ್ಡ ಮೋಟಾರು, ಖಾಲಿ ಓಡುವ ಎಲಿವೇಟರ್, ಸೋರುವ ಗಾಳಿ ಒಟ್ಟು ಸೇರಿದರೆ ಆ ಮೂರೂವರೆ ಪಾಲನ್ನು ಮೀರಿಸುತ್ತವೆ. ಇನ್ನೊಂದು ಉದಾಹರಣೆ ತೋಟದ್ದು. ಹಳೆಯ ಪಲ್ಪಿಂಗ್ ಪದ್ಧತಿ ಕೆ.ಜಿ. ಹಣ್ಣಿಗೆ ಹಲವು ಲೀಟರ್ ನೀರು ಬಳಸಿ, ಹುಳಿತ ಕೊಳೆನೀರನ್ನು ತೊರೆಗೆ ಬಿಟ್ಟು ಕಾವೇರಿಯನ್ನು ಕೆಡಿಸಿತು ಎಂಬ ದೂರು ಸತ್ಯ. ಪರಿಸರ ಸ್ನೇಹಿ ಪಲ್ಪರುಗಳು ನೀರನ್ನು ಬಹಳ ಇಳಿಸಿದವು, ಅದು ಆಗಲೇಬೇಕಿತ್ತು. ಆದರೆ ತೊಟ್ಟಿಯಲ್ಲಿ ಒಂದು ಹಗಲು ರಾತ್ರಿ ಸುಮ್ಮನೆ ನೆನೆದು ಕಳಚಿಕೊಳ್ಳುತ್ತಿದ್ದ ಲೋಳೆಯನ್ನು ಈಗ ಯಂತ್ರ ತಿಕ್ಕಿ ತೆಗೆಯುತ್ತದೆ, ಅದಕ್ಕೆ ಹೆಚ್ಚುವರಿ ಮೋಟಾರು ಬೇಕು. ನೀರು ಉಳಿಯಿತು, ವಿದ್ಯುತ್ ಹೆಚ್ಚಾಯಿತು. ಹೊಸ ಯಂತ್ರ ಒಂದು ಹೊರೆಯನ್ನು ಇಳಿಸಿ ಇನ್ನೊಂದನ್ನು ಏರಿಸಬಹುದು. ಆ ಯಂತ್ರದ ಸಂದಿ, ವೇಗ, ನೀರಿನ ಹರಿವು ಮೂರನ್ನೂ ಹದಕ್ಕೆ ಇಡುವವನು ಇಲ್ಲದಿದ್ದರೆ ಎರಡೂ ಹೊರೆ ಮೈಮೇಲೆ ಬೀಳುತ್ತವೆ.

ಇದಕ್ಕಿಂತ ಭಾರವಾದ ಆಕ್ಷೇಪ ಇನ್ನೊಂದು. ಹಿಂದೆ ಶಕ್ತಿ ಉಳಿಯಿತು ಎನ್ನುತ್ತೀರಿ, ಅದು ಉಳಿದದ್ದಲ್ಲ, ಕೂಲಿಯವರ ಮೈಯಿಂದ ತೆಗೆದದ್ದು ಎನ್ನಬಹುದು. ಕಣದಲ್ಲಿ ಉರಿಬಿಸಿಲಿಗೆ ಕಾಫಿ ಕೆದರುತ್ತಾ ನಿಂತ ಹೆಂಗಸರು, ಕರಾವಳಿಯ ಗೋದಾಮುಗಳಲ್ಲಿ ಸಾಲಾಗಿ ಕೂತು ಕಪ್ಪು ಬೀಜ ಆರಿಸುತ್ತಿದ್ದ ಹೆಂಗಸರು, ಪಲ್ಪರ್ ಹಿಡಿ ತಿರುಗಿಸಿದ ಆಳುಗಳು ಇವರ ದುಡಿಮೆ ಯಾವ ಮೀಟರಿನಲ್ಲೂ ದಾಖಲಾಗಲಿಲ್ಲ. ಈ ಆಕ್ಷೇಪವನ್ನು ನಾನು ಪೂರ್ತಿ ಒಪ್ಪುತ್ತೇನೆ. ಮನುಷ್ಯರ ಬೆನ್ನು ಬಗ್ಗಿಸಿ ಉಳಿಸಿದ ಯೂನಿಟ್ಟನ್ನು ಉಳಿತಾಯ ಎಂದು ಕರೆಯಬಾರದು. ಆದರೆ ಇದರಿಂದ ನನ್ನ ವಾದ ಬೀಳುವುದಿಲ್ಲ. ಬಿಗಿಯಾದ ಪಲ್ಪರಿನಿಂದ ಮೊದಲು ಸೋತದ್ದು ಅದನ್ನು ತಿರುಗಿಸುವವನ ತೋಳು. ಸಂದಿ ಸರಿಪಡಿಸಿದಾಗ ಮೊದಲು ಉಸಿರಾಡಿದ್ದೂ ಅವನೇ. ಹೊಟ್ಟಿನ ಧೂಳು ಎಳೆಯುವ ಕೊಳವೆ ಸೋರಿದರೆ ಫ್ಯಾನಿನ ಶಕ್ತಿ ಪೋಲಾಗುವುದು ಒಂದು, ಆ ಧೂಳು ಕೆಲಸದವರ ಎದೆ ಸೇರುವುದು ಇನ್ನೊಂದು. ಯಂತ್ರದ ಆರೈಕೆ ಮಾಡಿದರೆ ಬಿಲ್ಲೂ ಇಳಿಯುತ್ತದೆ, ಮೈ ನೋವೂ ಇಳಿಯುತ್ತದೆ. ಕೂಲಿಯ ಕಷ್ಟಕ್ಕೆ ಉತ್ತರವಾಗಿ ಯಂತ್ರ ತಂದ ಮೇಲೆ ಆ ಯಂತ್ರವನ್ನು ನೋಡಿಕೊಳ್ಳುವ ಕಾಯಂ ಕೆಲಸವನ್ನು ಅದೇ ಮನೆಗಳ ಮಕ್ಕಳಿಗೆ ಕಲಿಸಿಕೊಡಬಹುದಿತ್ತು. ಬಹಳ ಕಡೆ ಅದು ಆಗಲಿಲ್ಲ.

ಕೊಡಗಿಗೇ ವಿಶೇಷವಾದ ಇನ್ನೊಂದು ತೊಂದರೆಯನ್ನು ಬಿಡುವಂತಿಲ್ಲ. ಜೂನ್‌ನಿಂದ ಆಗಸ್ಟ್‌ವರೆಗೆ ಗಾಳಿ ಮಳೆಗೆ ಮರಗಳು ತಂತಿಯ ಮೇಲೆ ಬೀಳುತ್ತವೆ. 2018ರ ಆಗಸ್ಟಿನಂಥ ಕಾಲದಲ್ಲಿ ಗುಡ್ಡವೇ ಜಾರುತ್ತದೆ. ಪೂರ್ತಿ ಕರೆಂಟ್ ಹೋದರೆ ಅಪಾಯವಿಲ್ಲ, ಮೂರು ಫೇಸಿನಲ್ಲಿ ಒಂದು ಮಾತ್ರ ಹೋದರೆ ಅಪಾಯ. ಮೋಟಾರು ಉಳಿದ ಎರಡರಲ್ಲೇ ಎಳೆಯಲು ಹೋಗಿ ಸುರುಳಿ ಸುಟ್ಟುಕೊಳ್ಳುತ್ತದೆ. ಸುಟ್ಟ ಮೋಟಾರನ್ನು ಪೇಟೆಗೆ ಒಯ್ದು ರೀವೈಂಡಿಂಗ್ ಮಾಡಿಸುತ್ತಾರೆ. ಕೆಲಸ ಒರಟಾಗಿದ್ದರೆ ಪ್ರತಿ ಸಲವೂ ದಕ್ಷತೆ ಶೇ. 1ರಿಂದ 2ರಷ್ಟು ಇಳಿಯುತ್ತದೆ. ಒಂದು ಫೇಸ್ ಹೋದ ಕೂಡಲೇ ಮೋಟಾರು ನಿಲ್ಲಿಸುವ ಸಣ್ಣ ರಿಲೇ ಸರಿಯಾಗಿದೆಯೇ ಎಂದು ಮಳೆಗಾಲಕ್ಕೆ ಮುಂಚೆ ನೋಡಿದ್ದರೆ ಇದೆಲ್ಲ ತಪ್ಪುತ್ತದೆ. ಕರೆಂಟ್ ಇಲ್ಲದ ದಿನ ಸಣ್ಣ ಜನರೇಟರ್ ಓಡಿಸಿದರೆ ಲೀಟರ್ ಡೀಸೆಲ್ಲಿಗೆ ಸಿಗುವುದು ಮೂರು ಮೂರೂವರೆ ಯೂನಿಟ್. ಅಂಥ ದಿನ ಸೋರುವ ಗಾಳಿಯ ತೂತು ಗಂಟೆಗೊಂದು ಲೀಟರ್ ಡೀಸೆಲ್ ಕುಡಿಯುತ್ತದೆ. ಬೇಸಿಗೆಯಲ್ಲಿ ಹೂಮಳೆ ಬಾರದಿದ್ದರೆ ರೊಬಸ್ಟಾಕ್ಕೆ ಸ್ಪ್ರಿಂಕ್ಲರ್ ಹಾಕಬೇಕು, ಕೆರೆಯಿಂದ ನೀರನ್ನು ಗುಡ್ಡದ ತಲೆಗೆ ಎತ್ತಬೇಕು. ಪೈಪಿನ ಜೋಡಣೆಗಳಲ್ಲಿ ಸೋರಿಕೆ, ಪಂಪಿನೊಳಗೆ ಸವೆದ ಇಂಪೆಲ್ಲರ್ ಇದ್ದರೆ ತೋಟದ ಎಣ್ಣೆಯ ದೊಡ್ಡ ಪಾಲು ಮಣ್ಣಿಗೆ ಹೋಗುತ್ತದೆ.

ಸರ್ಕಾರದ ದೃಷ್ಟಿ ಈ ಮಟ್ಟಕ್ಕೆ ಇಳಿದಿಲ್ಲ. 2001ರ ಇಂಧನ ಸಂರಕ್ಷಣಾ ಕಾಯ್ದೆ, 2002ರಲ್ಲಿ ಬಂದ ಇಂಧನ ದಕ್ಷತಾ ಬ್ಯೂರೋ, 2012ರಲ್ಲಿ ಎಂಟು ಉದ್ಯಮಗಳ 478 ಘಟಕಗಳಿಗೆ ಗುರಿ ಕೊಟ್ಟ ಯೋಜನೆ ಎಲ್ಲವೂ ದೊಡ್ಡವರ ಕಡೆ ನೋಡಿದವು: ಉಕ್ಕು, ಸಿಮೆಂಟ್, ರಸಗೊಬ್ಬರ, ಕಾಗದ. ದೊಡ್ಡವರಿಂದ ಶುರುಮಾಡಿದ್ದು ತಪ್ಪಲ್ಲ. ಆದರೆ ಹಲ್ಲರಿನ ಮುಂದೆ ನಿಂತ ಫಿಟ್ಟರಿಗೆ ಆ ಕಾನೂನು ಏನನ್ನೂ ಹೇಳುವುದಿಲ್ಲ. ಸಹಾಯಧನವೂ ಯಂತ್ರ ಕೊಳ್ಳುವುದಕ್ಕೆ ಸಿಗುತ್ತದೆ. ಕೊಂಡ ಯಂತ್ರವನ್ನು ಹತ್ತು ವರ್ಷ ಸುಸ್ಥಿತಿಯಲ್ಲಿ ಇಟ್ಟವನಿಗೆ ಸಿಗುವುದಿಲ್ಲ. ಆರೈಕೆಯ ಅಭ್ಯಾಸ ನಮ್ಮಲ್ಲಿ ಇಲ್ಲವೆಂದಲ್ಲ: ಆಯುಧಪೂಜೆಯ ದಿನ ಎಲ್ಲ ಯಂತ್ರ ನಿಲ್ಲಿಸಿ, ತೊಳೆದು, ಕುಂಕುಮ ಹಚ್ಚುವ ಪದ್ಧತಿ ನಮ್ಮ ಕಾರ್ಖಾನೆಗಳಲ್ಲೂ ಪಲ್ಪರ್ ಮನೆಗಳಲ್ಲೂ ಉಳಿದಿದೆ. ಕೊಯ್ಲಿಗೆ ಇನ್ನೂ ತಿಂಗಳಿರುವಾಗ ಬರುವ ಆ ದಿನ ಯಂತ್ರ ಬಿಚ್ಚಿ ನೋಡಲು ಒಳ್ಳೆಯ ದಿನವೂ ಹೌದು.

ಆದ್ದರಿಂದ ತೋಟದ ಮಾಲೀಕರಲ್ಲಿ, ಕ್ಯೂರಿಂಗ್ ವರ್ಕ್ಸ್ ನಡೆಸುವವರಲ್ಲಿ ಕೇಳಿಕೊಳ್ಳುವುದು ಇಷ್ಟೇ. ಸೀಸನ್ ಮುಗಿದ ಕೂಡಲೇ ಫಿಟ್ಟರನ್ನು ಮನೆಗೆ ಕಳಿಸಬೇಡಿ. ಮಳೆಗಾಲದ ಸಂಬಳ ಕೊಟ್ಟು ಇಟ್ಟುಕೊಳ್ಳಿ, ಯಂತ್ರ ಬಿಚ್ಚಿ ಜೋಡಿಸುವ ಕಾಲ ಅದೇ. ಪ್ರತಿ ದೊಡ್ಡ ಮೋಟಾರಿನ ಪಕ್ಕ ಒಂದು ಪುಸ್ತಕ ತೂಗುಹಾಕಿ, ದಿನಕ್ಕೊಮ್ಮೆ ಆಮೀಟರ್ ಎಷ್ಟು ತೋರಿಸಿತು ಎಂದು ಅವನ ಕೈಯಲ್ಲೇ ಬರೆಸಿ, ತಿಂಗಳ ಬಿಲ್ಲನ್ನು ಅವನಿಗೂ ತೋರಿಸಿ. ಕುಶಾಲನಗರದ ಪಾಲಿಟೆಕ್ನಿಕ್, ಮಡಿಕೇರಿಯ ಐಟಿಐ ನಡೆಸುವವರಲ್ಲಿ ಇನ್ನೊಂದು ಮನವಿ: ಹಳೆಯ ಪಲ್ಪರ್ ಒಂದನ್ನೂ ಹಲ್ಲರ್ ಒಂದನ್ನೂ ವರ್ಕ್‌ಶಾಪಿಗೆ ತಂದಿಡಿ. ಕೊಡಗಿನ ಹುಡುಗ ಹುಡುಗಿಯರು ಕೆಲಸ ಕಲಿಯುವಾಗ ತಮ್ಮೂರಿನ ಯಂತ್ರದಲ್ಲಿ ಕಲಿಯಲಿ, ಅದನ್ನು ಮೂವತ್ತು ವರ್ಷ ನಡೆಸಿದ ಹಿರಿಯ ಫಿಟ್ಟರುಗಳನ್ನು ಕರೆದು ಗೌರವಧನ ಕೊಟ್ಟು ಪಾಠ ಹೇಳಿಸಿ. ಅವರಲ್ಲಿ ಹಲವರಿಗೆ ಈಗಾಗಲೇ ವಯಸ್ಸಾಗಿದೆ.